ಹಸಿರು ಬಟನ್ ಇಲ್ಲದ ಪಾಠ

ತಾರೀಖು ಹದಿನೆಂಟು, ಮಂಗಳವಾರ ಬೆಳಿಗ್ಗೆ

ಚಿನಕುರಳಿ,

ಬೈಗುಳ ಮೊದಲು, ಆಶೀರ್ವಾದ ಆಮೇಲೆ. ಅಲ್ಲವೇ, ನಿನಗೆ ತಲೆ ಅನ್ನುವುದು ಇದೆಯೋ, ಇಲ್ಲ ಹೇರ್‌ಪಿನ್ ಸಿಕ್ಕಿಸಲಿಕ್ಕೆ ಮಾತ್ರ ಇಟ್ಟುಕೊಂಡಿದ್ದೀಯೋ? ಅಜ್ಜಿ ಶುರು ಮಾಡಿದಳು ಅಂತ ನಗಬೇಡ. ಕೂತುಕೋ. ಗಂಡ ಪಕ್ಕದಲ್ಲಿದ್ದರೆ ಆಚೆ ಕಳಿಸು.

ನಿನ್ನೆ ನಿನ್ನ ಫೋಟೋ ಬಂತು. ಹೊಸ ಆಫೀಸಿನ ಬಾಗಿಲಲ್ಲಿ ನಿಂತಿದ್ದೀನಿ ನೋಡಜ್ಜಿ ಅಂತ ಬರೆದಿದ್ದೆ. ನಾನು ಹೇಗೆ ನೋಡಲಿ, ನಿಮ್ಮಮ್ಮನನ್ನು ಕರೆದೆ. ಕೈ ಒರೆಸಿಕೊಂಡು ಬಂದಳು. ಬಂದವಳು ಕುರ್ಚಿ ಎಳೆದುಕೊಂಡಳು, ಮತ್ತೆ ಹಿಂದಕ್ಕೆ ತಳ್ಳಿದಳು. ಆಮೇಲೆ, ನೀಲಿ ಅಂಗಿ ಹಾಕಿದ್ದಾಳಮ್ಮ, ಮೈಕೈ ತುಂಬಿಕೊಂಡು ಚೆನ್ನಾಗಿದ್ದಾಳೆ ಅಂದಳು. ‘ಚೆನ್ನಾಗಿದ್ದಾಳೆ’ ಅನ್ನುವುದನ್ನು ನಾನು ಕೇಳದಿದ್ದರೂ ಎರಡು ಸಲ ಹೇಳಿದಳು. ಅವಳನ್ನು ಹೆತ್ತವಳು ನಾನು, ನನಗೆ ಗೊತ್ತಾಗುವುದಿಲ್ಲವೇ?

ಅವಳು ಬಟ್ಟೆ ಒಣಹಾಕಲು ಹೋದಾಗ ಕಂಪ್ಯೂಟರ್ ಮುಂದೆ ಕೂತೆ. ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸಲು ನೀನು ಮಾತಾಡಿ ಕಳಿಸುವ ಪಾಠಗಳಲ್ಲಿ ಕಡೆಯದು ಇದೆಯಲ್ಲ, ಫೋಟೋದಲ್ಲಿ ಏನಿದೆ ಅಂತ ಮೆಷಿನ್ ಬಾಯಲ್ಲೇ ಹೇಳಿಸುವುದು, ಅದರಲ್ಲಿ ನೀನು ಹೇಳಿದ ಹಾಗೇ ಮಾಡಿದೆ. ಪರದೆ ಮೇಲಿದ್ದದ್ದನ್ನು ಓದಿ ಹೇಳುವ ನನ್ನ ನೆಗಡಿಯವಳು, ಆ ಮೆಷಿನ್ ದನಿಗೆ ನಾನಿಟ್ಟ ಹೆಸರು ಇದೇ ಅಂತ ನಿನಗೆ ಗೊತ್ತೇ ಇದೆ, ಮೂಗು ಕಟ್ಟಿದ ದನಿಯಲ್ಲಿ ಹೇಳಿದಳು: ಗಾಜಿನ ಬಾಗಿಲ ಮುಂದೆ ನಿಂತ ಯುವತಿ. ನೀಲಿ ಅಂಗಿ. ಕಪ್ಪು ಕನ್ನಡಕ. ಕೈಯಲ್ಲಿ ಬಿಳಿ ಕೋಲು.

ಕಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದೆ ಕಣೇ.

ಈ ನೆಗಡಿಯವಳು ಎಡವಟ್ಟು ಮಾಡುತ್ತಾಳೆ, ಒಂದು ಸಲ ಮನೆಯ ಬೆಕ್ಕನ್ನು ತಲೆದಿಂಬು ಅಂದಿದ್ದಳು. ಛತ್ರಿ ಇರಬೇಕು ಅಂದುಕೊಂಡೆ. ಮತ್ತೆ ಒತ್ತಿದೆ. ಕೋಲು. ವೇಗ ಇಳಿಸಿದೆ, ನಿಧಾನವಾಗಿ ಹೇಳಿದರೆ ಬೇರೆ ಏನಾದರೂ ಹೇಳಿಯಾಳು ಅಂತ. ಒಂದೊಂದೇ ಅಕ್ಷರ ಹೇಳಿಸಿದೆ. ಬಿ. ಳಿ. ಕೋ. ಲು. ಕೈ ಚಾಚಿದೆ. ನನ್ನ ಕೋಲು ಗೋಡೆಗೆ ಒರಗಿಕೊಂಡು ಅದರ ಜಾಗದಲ್ಲೇ ಇತ್ತು. ಹಾಗಾದರೆ ಅದು ಯಾರದು?

ಆಗ ನೆನಪಾಯಿತು ನಿನ್ನ ಹಸಿರು ಬಟನ್. ಮೊದಮೊದಲ ಪಾಠಗಳಲ್ಲಿ, ಬಲಗಡೆ ಮೇಲಿರುವ ಹಸಿರು ಬಟನ್ ಒತ್ತಿ ಅನ್ನುತ್ತಿದ್ದೆ. ಕುರುಡರಿಗೆ ಹಸಿರು ತೋರಿಸುತ್ತೀಯಲ್ಲೇ ಮಹಾರಾಯಿತಿ, ನಿನಗೆ ಸಂಬಳ ಕೊಡುವವರು ಯಾರು ಅಂತ ಎಷ್ಟು ಉಗಿದಿದ್ದೆ. ಬರಬರುತ್ತಾ ಹಸಿರು ಹೋಯಿತು, ಕೆಂಪು ಹೋಯಿತು, ಬಲಗಡೆ ಎಡಗಡೆಯೂ ಹೋಯಿತು. ಟ್ಯಾಬ್ ಒತ್ತುತ್ತಾ ಹೋಗಿ, ‘ಕಳುಹಿಸಿ’ ಅಂತ ಕೇಳಿಸಿದಾಗ ಎಂಟರ್ ಒತ್ತಿ, ಅಷ್ಟೇ. ನನ್ನ ಬೈಗುಳ ತಿಂದು ಹುಡುಗಿ ದಾರಿಗೆ ಬಂದಳು ಅಂತ ಪಕ್ಕದ ಮನೆ ಟೈಲರಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ. ನೀನು ಬಣ್ಣ ಹೇಳುವುದನ್ನು ಬಿಟ್ಟದ್ದು ಯಾಕೆ ಅಂತ ನಿನ್ನೆ ಗೊತ್ತಾಯಿತು.

ಬಾಗಿಲ ಹತ್ತಿರ ಬಕೆಟ್ ಇಟ್ಟ ಸದ್ದಾಯಿತು. ಯಾವತ್ತಿನಿಂದ ಅಂದೆ. ಯಾವುದಮ್ಮ ಯಾವತ್ತಿನಿಂದ ಅಂದಳು ನಿಮ್ಮಮ್ಮ. ನಾನು ಫೋಟೋ ಹೇಳಿಸುವ ಕೀಲಿ ಒತ್ತಿದೆ. ನೆಗಡಿಯವಳು ಎಲ್ಲವನ್ನೂ ಇನ್ನೊಮ್ಮೆ ಒಪ್ಪಿಸಿದಳು. ನಿಮ್ಮಮ್ಮ ಒದ್ದೆ ಕೈಯಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಿನಗೂ ನನ್ನ ಕಣ್ಣಿನ ರೋಗವೇ ಅಂತೆ, ಅವಳನ್ನು ದಾಟಿಕೊಂಡು ನಿನ್ನ ಹತ್ತಿರ ಹೋಗಿದೆಯಂತೆ. ನಿನ್ನ ಗಂಡನಿಗೆ ಗೊತ್ತು, ಆಫೀಸಿಗೆ ಗೊತ್ತು. ನನಗೆ ಮಾತ್ರ ಗುಟ್ಟು, ಯಾಕೆಂದರೆ ಅಜ್ಜಿ ತನ್ನಿಂದಲೇ ಬಂತು ಅಂತ ಎದೆ ಬಡಿದುಕೊಳ್ಳುತ್ತಾಳಂತೆ. ಎರಡು ಫೋಟೋ ತೆಗೆಸಿದ್ದೆಯಂತೆ. ಕೋಲಿರುವುದು ಅವಳಿಗೆ. ಕೋಲಿಲ್ಲದ್ದು ನನಗೆ, ನಾನು ಟೈಲರಮ್ಮನಿಗೆ ತೋರಿಸಿದರೆ ಅವಳು ಬಾಯಿಬಿಟ್ಟಾಳು ಅಂತ. ಕಳಿಸುವಾಗ ಎರಡರಲ್ಲಿ ಯಾವುದು ಯಾವುದು ಅಂತ ನಿನಗೆ ಕಾಣಲಿಲ್ಲ.

ಊರಿಗೆಲ್ಲ ಕಲಿಸಿದ ಆ ಕೀಲಿಯನ್ನು ಕಳಿಸುವ ಮುಂಚೆ ನೀನು ಒಂದು ಸಲ ಒತ್ತಬಾರದಿತ್ತೇ? ಕೆಲಸಕ್ಕಾದರೆ ಒತ್ತುತ್ತೀಯ. ನಿನ್ನದೇ ಮುಖ ಹೇಗಿದೆ ಅಂತ ಆ ನೆಗಡಿಯವಳ ಬಾಯಲ್ಲಿ ಕೇಳುವುದಕ್ಕೆ ಮನಸ್ಸು ಒಪ್ಪಲಿಲ್ಲ, ಅಲ್ಲವೇ? ನನ್ನ ಹತ್ತಿರ ಸುಳ್ಳು ಬೇಡ. ನಾನು ಇವತ್ತಿಗೂ ಕನ್ನಡಿ ಮುಂದೆ ನಿಂತೇ ತಲೆ ಬಾಚುತ್ತೇನೆ. ಕನ್ನಡಿ ತೆಗೆದುಬಿಡಲೇನಮ್ಮ ಅಂತ ನಿಮ್ಮಮ್ಮ ಕೇಳಿದ ದಿನ ಬಾಚಣಿಗೆ ಎಸೆದಿದ್ದೆ.

ಎದೆ ಬಡಿದುಕೊಳ್ಳುವಷ್ಟು ಪುರುಸೊತ್ತು ನನಗಿಲ್ಲ ಕಣೇ. ನನ್ನ ಸಿಟ್ಟೇ ಬೇರೆ. ಈ ಮನೆಯಲ್ಲಿ ಕತ್ತಲೊಳಗೆ ಓಡಾಡಿ ಗೊತ್ತಿರುವವಳು ನಾನೊಬ್ಬಳು. ಮೊದಲು ಹೋಗುವುದು ಯಾವುದು, ಕಡೆಗೆ ಉಳಿಯುವುದು ಯಾವುದು, ಯಾವ ಹೊತ್ತಿನಲ್ಲಿ ಹೆದರಿಕೆ ಜಾಸ್ತಿ, ಎಲ್ಲ ಗೊತ್ತು. ಆ ಹೆದರಿಕೆಯಲ್ಲಿ ನೀನು ಡಾಕ್ಟರನ್ನು ಕೇಳಿದೆ, ಗಂಡನನ್ನು ಕೇಳಿದೆ, ನನ್ನ ಬಾಗಿಲು ತಟ್ಟಲಿಲ್ಲ. ಅದಕ್ಕೇ ಈ ಬೈಗುಳ.

ಈ ಪತ್ರ ಯಾರ ಕೈಯಲ್ಲೂ ಬರೆಸಿದ್ದಲ್ಲ. ನಿನ್ನ ಪಾಠ ಕೇಳಿ ಕಲಿತ ಬೆರಳಿನದು. ತಪ್ಪಿದ್ದರೆ ನಿನ್ನದೇ ತಪ್ಪು.

ಆಶೀರ್ವಾದ.

ಇಂತಿ,
ನಿನ್ನ ಬಾಯಿಜೋರಿನ ಅಜ್ಜಿ

ಮರೆತಿದ್ದೆ: ಇದರ ಜೊತೆ ನಾನೇ ಮಾತಾಡಿದ ಒಂದು ಧ್ವನಿ ಫೈಲ್ ಇಟ್ಟಿದ್ದೇನೆ. ಪಾಠ ಒಂದು, ಬಿಸಿ ಹಾಲನ್ನು ಲೋಟಕ್ಕೆ ಸುರಿಯುವುದು. ತುಂಬುತ್ತಾ ಬಂದ ಹಾಗೆ ಸದ್ದು ತೆಳ್ಳಗಾಗುತ್ತದೆ, ಅಲ್ಲಿ ನಿಲ್ಲಿಸಬೇಕು. ಬಣ್ಣದ ಮಾತು ಒಂದೂ ಇಲ್ಲ. ಮೊದಲ ಸಲ ಮಾಡಿದ್ದನ್ನು ಡಿಲೀಟ್ ಮಾಡಿದೆ. ಹಾಲು ಚೆಲ್ಲಿ ಕೆಟ್ಟಿತು ಅಂತ ನಿಮ್ಮಮ್ಮನಿಗೆ ಹೇಳಿದ್ದೇನೆ. ಹಾಲು ಚೆಲ್ಲಿರಲಿಲ್ಲ, ನಡುವೆ ನನ್ನ ಅಳು ಸೇರಿಕೊಂಡಿತ್ತು. ನೀನು ಸುರಿಯುವ ಸದ್ದನ್ನು ರೆಕಾರ್ಡ್ ಮಾಡಿ ನನಗೆ ಕಳಿಸು, ಎಲ್ಲಿ ತಪ್ಪಿದೆ ಅಂತ ಹೇಳುತ್ತೇನೆ. ಜೊತೆಗೆ ನಿನ್ನ ಕೈಯಾರೆ ಟೈಪ್ ಮಾಡಿದ ಉತ್ತರ, ಮುಂದಿನ ತಿಂಗಳು ಹುಟ್ಟುವುದರೊಳಗೆ ಇಲ್ಲಿರಬೇಕು.