ಟ್ಯಾಂಕರ್ ಕೊನೆಗೂ ಬಂತು, ನನ್ನ ಭಟ್ಟಿ ಒಡೆಯಲು

ಮಾನ್ಯ ಪುನರ್ವಸತಿ ಅಧಿಕಾರಿಗಳೇ,

ಕಾಳ್ಗಿಚ್ಚು ಬಂದು ಹೋದ ಮೇಲೆ ನಮ್ಮ ಬೀದಿಯಲ್ಲಿ ನೆಟ್ಟಗೆ ಉಳಿದದ್ದು ಒಂದೇ, ನನ್ನ ಬೇಕರಿಯ ಇಟ್ಟಿಗೆ ಭಟ್ಟಿ. ಅದನ್ನು ನೀವು ನೀರು ಹಾಕಿಸಿ ಒಡೆಸಿದಿರಿ. ಕಾಡಿನ ಬೆಂಕಿಯ ಕೈಲಾಗದ್ದನ್ನು ನಿಮ್ಮ ಇಲಾಖೆ ಮಾಡಿ ತೋರಿಸಿತು. ಅಭಿನಂದನೆಗಳು.

ಮನೆ ಕಳೆದುಕೊಂಡು ಶಾಲೆಯ ಕೊಠಡಿಗಳಲ್ಲಿ ಮಲಗುತ್ತಿದ್ದವರನ್ನು ಮತ್ತೆ ಬೀದಿಗೆ ಕರೆತಂದದ್ದು ಯಾವುದು ಅಂದುಕೊಂಡಿರಿ? ಮೈಕು ಕಟ್ಟಿದ ನಿಮ್ಮ ಜೀಪೇ? ಅಲ್ಲ ಸ್ವಾಮಿ, ಬ್ರೆಡ್ಡು. ಬೇಕರಿಯ ಮಾಡು ಕುಸಿದಿದ್ದರೂ ಭಟ್ಟಿ ಗಟ್ಟಿಯಾಗಿತ್ತು. ಅತ್ತೆ ಭಟ್ಟಿಯೊಳಗಿನ ಬೂದಿ ಬಳಿದು ತೆಗೆದರು, ನಾನು ಹಿಟ್ಟು ನಾದಿದೆ. ಸೌದೆಗೆಂದು ಜನ ಅವರವರ ಮನೆಯ ಸುಟ್ಟುಳಿದ ತೊಲೆಗಳನ್ನೇ ಹೊತ್ತು ತಂದರು. ದರ್ಜಿ ತನ್ನ ಮನೆಯ ಅರೆಸುಟ್ಟ ಬಾಗಿಲ ಚೌಕಟ್ಟು ಕೊಟ್ಟು, "ಇದು ಚೆನ್ನಾಗಿ ಉರಿಯತ್ತೆ ಅಕ್ಕಾ, ಒಂದ್ಸಲ ಅಭ್ಯಾಸ ಆಗಿದೆ" ಎಂದ. ಎಷ್ಟೋ ದಿನಗಳ ಮೇಲೆ ನಾವು ನಕ್ಕೆವು. ಬಿಸಿ ಬ್ರೆಡ್ಡು ತಿಂದವರು ಸುಮ್ಮನೆ ಹೋಗಲಿಲ್ಲ. ಒಬ್ಬರ ಅಂಗಳದಲ್ಲಿ ಬಿದ್ದದ್ದನ್ನು ಇನ್ನೊಬ್ಬರು ಎತ್ತತೊಡಗಿದರು. ಪುನರ್ವಸತಿ ಎಂದರೆ ಹೀಗಿರುತ್ತದೆ ಎಂದು ತಮ್ಮ ಮಾಹಿತಿಗಾಗಿ ತಿಳಿಸುತ್ತಿದ್ದೇನೆ.

ಆದರೆ ನೀವು "ಬೆಂಕಿ ಸಂಪೂರ್ಣ ನಂದಿದೆ" ಎಂದು ಘೋಷಿಸಿಬಿಟ್ಟಿದ್ದಿರಿ. ಮಂತ್ರಿಗಳನ್ನು ಕರೆತಂದು ತೋರಿಸುವವರಿದ್ದಿರಿ. ಒಂದು ಕಡೆ ನಿಮ್ಮ ಘೋಷಣೆ, ಇನ್ನೊಂದು ಕಡೆ ನನ್ನ ಭಟ್ಟಿಯ ಹೊಗೆ. ತೊಲಗಬೇಕಾದದ್ದು ಹೊಗೆಯೇ ತಾನೆ? ಬೀದಿಗೆ ಬೀದಿಯೇ ಉರಿಯುವಾಗ ಗೋಗರೆದರೂ ಬಾರದ ಟ್ಯಾಂಕರ್ ಮಂತ್ರಿಗಳು ಬರುವ ದಿನ ಬೆಳಿಗ್ಗೆಯೇ ಸೈರನ್ ಹಾಕಿಕೊಂಡು ಬಂತು. ಅತ್ತೆ ಅಡ್ಡ ನಿಂತು, "ಅಪ್ಪಾ, ಇದು ಅನ್ನ ಕೊಡೋ ಬೆಂಕಿ. ಕಾದ ಇಟ್ಟಿಗೆಗೆ ನೀರು ಹಾಕಿದ್ರೆ ಸೀಳಿಹೋಗತ್ತೆ" ಎಂದರು. ಚಾಲಕ ತಲೆ ತಗ್ಗಿಸಿದ. "ನಂಗೂ ಗೊತ್ತು ಅಜ್ಜಿ. ಮಂತ್ರಿಗಳು ಬರೋಷ್ಟ್ರಲ್ಲಿ ಎಲ್ಲೂ ಹೊಗೆ ಕಾಣ್ಬಾರ್ದಂತೆ, ಸಾಹೇಬ್ರು ಹೇಳಿದಾರೆ. ನಾನೇನ್ ಮಾಡ್ಲಿ." ನೀರು ಬಿಟ್ಟ. ಭಟ್ಟಿಯ ಕಮಾನು ಬಿರಿದು, ಒಳಗಿದ್ದ ಬ್ರೆಡ್ಡಿನ ಮೇಲೇ ಕುಸಿಯಿತು. ಮಧ್ಯಾಹ್ನ ನೀವು ಅದೇ ಕೆಸರಿನಲ್ಲಿ ಬೂಟು ಜಾರದಂತೆ ನಿಂತು ಫೋಟೋ ತೆಗೆಸಿಕೊಂಡಿರಿ.

ಆಮೇಲೇನಾಯಿತು ಗೊತ್ತೆ? ದರ್ಜಿ ಮಗಳ ಊರಿಗೆ ಹೊರಟುಹೋದ. ಎದುರು ಮನೆಯವರು ಗಂಟು ಕಟ್ಟುತ್ತಿದ್ದಾರೆ. ಬೆಳಿಗ್ಗೆ ಬರಲು ಒಂದು ನೆಪವೂ ಇಲ್ಲದ ಬೀದಿಗೆ ಯಾರು ಬರುತ್ತಾರೆ? ಅವರ ಗಂಟು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಇದಕ್ಕೂ ಒಂದು ಟ್ಯಾಂಕರ್ ಕಳಿಸಿ ನೋಡಿ.

ನನಗೆ ಪರಿಹಾರ ಬೇಡ, ನಿಮ್ಮ ವಿಷಾದವೂ ಬೇಡ. ನೀವೇ ಬನ್ನಿ. ಬೂಟು ಬಿಚ್ಚಿಟ್ಟು ಮಣ್ಣು ತುಳಿಯಿರಿ, ಇಟ್ಟಿಗೆ ಹೊತ್ತು ತನ್ನಿ, ಅತ್ತೆ ಸಾಕು ಅನ್ನುವವರೆಗೆ. ಅತ್ತೆ ಅಷ್ಟು ಸುಲಭಕ್ಕೆ ಸಾಕು ಅನ್ನುವವರಲ್ಲ. ಸೊಸೆ ನಾನು, ನನಗೆ ಗೊತ್ತು. ಭಟ್ಟಿ ಮತ್ತೆ ಕಾದ ದಿನ ಇಡೀ ಬೀದಿಯನ್ನು ಕರೆಯುತ್ತೇನೆ, ನಿಮ್ಮನ್ನೂ. ಸಾಲಿನ ಕೊನೆಯಲ್ಲಿ ನಿಲ್ಲಿ. ನಿಮ್ಮ ಸರದಿ ಬಂದಾಗ, ತುಂಬಿದ ಟ್ರೇಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಬ್ರೆಡ್ಡು ಮುಗಿದಿದೆ ಎಂದು ನಿಮ್ಮ ಮುಖಕ್ಕೇ ಹೇಳುತ್ತೇನೆ.

ಇಂತಿ,
ಭಟ್ಟಿಯಿಲ್ಲದೆ, ಹಿಟ್ಟಿನ ಬದಲು ಸದ್ಯಕ್ಕೆ ಕೋಪವನ್ನೇ ನಾದುತ್ತಿರುವ
ಬೇಕರಿಯವಳು