ದೋಣಿಗೆ ಅವನು ಎಂದವಳು

ಕಾರ್ನಾ, ಕೊನಮಾರಾ
ಮಾರ್ಚ್ ೯, ೨೦೧೬

ನನ್ನ ಬಂಗಾರದ ಬೊಜೆನಾಗೆ,

ದೇವರೂ ಮೇರಿಯಮ್ಮನೂ ನಿನ್ನ ಜೊತೆಗಿರಲಿ. ನೀನು ಲಿಮರಿಕ್ಕಿನ ಅಕ್ಕನ ಮನೆಗೆ ಹೋಗಿ ಮೂರು ವಾರವಾಯಿತು, ಕಾಗದ ಈಗ ಹೊರಡುತ್ತಿದೆ. ತಡವಾದುದಕ್ಕೆ ಎಷ್ಟು ಬೇಕಾದರೂ ಬೈದುಕೋ. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಮೊದಲನೆಯದು ಇಂಗ್ಲಿಷಿನಲ್ಲಿತ್ತು, ಓದಿದರೆ ವಕೀಲರ ನೋಟೀಸಿನಂತೆ ಕಂಡಿತು. ಆದ್ದರಿಂದ ನಮ್ಮ ಐರಿಷಿನಲ್ಲೇ ಬರೆಯುತ್ತಿದ್ದೇನೆ. ಪುಸ್ತಕ ಓದಿ ಕಲಿತದ್ದಾದರೂ ನಿನಗೆ ಅರ್ಥವಾಗುತ್ತದೆಂದು ನನಗೆ ಗೊತ್ತು.

ಇಲ್ಲಿ ಎಲ್ಲರೂ ಕ್ಷೇಮ. ಕಪ್ಪು ಹಸು ಕರು ಹಾಕಿದೆ. ನಿನ್ನ ಗಂಡ ಕೋಲೀನ್ ತಾನೇ ಅಡುಗೆ ಮಾಡಿ, ಉಂಡು, ತಾನೇ ಮುಖ ಸಿಂಡರಿಸುತ್ತಾನೆ. ನಿನ್ನೆ ಫೋನಿಟ್ಟು ಬಂದವನು, "ಬರ್ತಾಳಂತಮ್ಮಾ. ಆದ್ರೆ ಇನ್ಮೇಲೆ ಐರಿಷ್ ಮಾತೇ ಆಡಲ್ವಂತೆ. ಮನೇಲಿ ಬರೀ ಇಂಗ್ಲಿಷಂತೆ," ಎಂದ. ನನ್ನ ಮಗನ ಹೆಂಡತಿ ನನ್ನ ಒಲೆಯ ಮುಂದೆ ನೆಂಟರ ಹಾಗೆ ಕೂರುವುದು ನನಗೆ ಬೇಡ.

ದೋಣಿ ಒಡೆದ ಆ ದಿನದ್ದನ್ನು ನನ್ನ ಬಾಯಿಂದಲೂ ಕೇಳು. ದೋಣಿಯ ಇಂಜಿನ್ನಿನ ಬಿಡಿಭಾಗಕ್ಕೆ ಗಾಲ್ವೇ ಪೇಟೆಗೆ ಹೋಗುವುದನ್ನು ಕೋಲೀನ್ ನಿನಗೆ ಹೇಳಿದ್ದ, ನನಗೆ ಹೇಳಿರಲಿಲ್ಲ. ಅವನು ಕಡಲಲ್ಲಿದ್ದಾನೆ ಎಂದೇ ನಾನು ಗಾಳಿಯನ್ನು ಶಪಿಸುತ್ತ ಕೂತಿದ್ದೆ. ದಡಕ್ಕೆ ಕಟ್ಟಿದ್ದ ಹಗ್ಗ ಹರಿದು ಖಾಲಿ ದೋಣಿ ಬಂಡೆಗೆ ಬಡಿದದ್ದನ್ನು ನೀನು ಕಂಡೆ. ಓಡಿ ಬಂದು ಬಾಗಿಲಲ್ಲಿ ನಿಂತು, "ಅವನು ಹೋದ! ಬಂಡೆಗೆ ಬಡ್ಕೊಂಡ, ಹೋಗ್ಬಿಟ್ಟ!" ಎಂದೆ. ಕೋಲೀನನೇ ಹೋದನೆಂದು ತಿಳಿದು ನಾನು ಗೋಳೋ ಎಂದು ಅತ್ತೆ. ಒಂದು ದೋಣಿಗಾಗಿ ಇಷ್ಟೊಂದು ಅಳುವರೇ ಎಂದು ನಿನಗೆ ಬೆರಗಾಯಿತಂತೆ! ಅರ್ಧ ಗಂಟೆಯ ಮೇಲೆ ಕೋಲೀನ್ ಚೀಲ ಹೊತ್ತು ಒಳಗೆ ಬಂದು, "ಏನಮ್ಮಾ, ಯಾರು ಸತ್ರು?" ಎಂದ.

ದೋಣಿಯನ್ನು ಅವನು ಎಂದದ್ದರಲ್ಲಿ ನಿನ್ನ ತಪ್ಪೇನಿದೆ? ಐರಿಷ್ ವ್ಯಾಕರಣದ ಪುಸ್ತಕದಲ್ಲಿ ದೋಣಿ ಎಂಬ ಪದ ಪುಲ್ಲಿಂಗವೇ. ನಾವು ಮಾತ್ರ ಬಾಯಿ ಬಿಟ್ಟರೆ ದೋಣಿಯನ್ನು ಅವಳು ಎನ್ನುತ್ತೇವೆ. ಹುಡುಗಿ ಎಂಬ ಪದವೂ ನಮ್ಮಲ್ಲಿ ಪುಲ್ಲಿಂಗ, ಬೀಜದ ಕುದುರೆ ಸ್ತ್ರೀಲಿಂಗ! ನಿಮ್ಮ ಪೋಲಿಷಿನಲ್ಲಿ ದೋಣಿ ಹೆಣ್ಣೇ ಅಂತೆ. ನಿನ್ನ ಪಾಡಿಗೆ ಬಿಟ್ಟಿದ್ದರೆ ಸರಿಯಾಗಿಯೇ ಆಡುತ್ತಿದ್ದೆ, ಪುಸ್ತಕ ನಂಬಿ ಕೆಟ್ಟೆ.

ನೆರೆಮನೆಯ ಬಾರ್ಟ್ಲಿ ಅಂಗಡಿಯಲ್ಲಿ ನಿಂತು, "ಬ್ಯಾಬೀನ್ ಸೊಸೆ ದೋಣಿಗೆ ಪ್ಯಾಂಟ್ ತೊಡಿಸಿದ್ಲು ಕಣ್ರೋ!" ಎಂದು ನಿನ್ನೆದುರೇ ನಗಾಡಿದನಲ್ಲ, ಅವನನ್ನು ಭಾನುವಾರ ಚರ್ಚಿನ ಬಾಗಿಲಲ್ಲೇ ಹಿಡಿದುಕೊಂಡೆ. "ಎಲ್ಲಿ, ಪೋಲಿಷಿನಲ್ಲಿ ಒಂದು ಮಾತಾಡೋ ನೋಡೋಣ. ಆಗ ನಿನ್ನ ಪ್ಯಾಂಟ್ ಉಳಿಯುತ್ತಾ ನೋಡ್ತೀನಿ," ಎಂದೆ. "ಅಯ್ಯೋ, ತಮಾಷೆಗಂದೆ ಕಣಕ್ಕಾ," ಎಂದು ಟೋಪಿ ಹಿಂಡಿದ. ದೋಣಿಯ ರಿಪೇರಿಗೆ ಈಗ ಅವನೇ ಹಲಗೆ ತಂದು ಹಾಕಿದ್ದಾನೆ.

ಕೋಲೀನ್ ಬಂದು ಎದುರಿಗೆ ನಿಂತ ಮೇಲೂ ನನ್ನ ಅಳು ನಿಲ್ಲಲಿಲ್ಲ. ಮುದುಕಿಯ ಎದೆ ಒಡೆದೆನೆಂದು ತಿಳಿದೇ ನೀನು ಬ್ಯಾಗು ಕಟ್ಟಿದೆ. ಒಡೆಯಲಿಲ್ಲ, ಮಗಳೇ. ನೀನು ನನಗೆ ಮಾಡಿದ ಉಪಕಾರ ಈ ಊರಿನಲ್ಲಿ ಯಾರೂ ಮಾಡಿಲ್ಲ. ಬೇಗ ಬಾ. ತಪ್ಪುತಪ್ಪಾಗಿಯೇ ಮಾತಾಡು, ಆದರೆ ನನ್ನ ಜೊತೆ ನನ್ನ ಮಾತಿನಲ್ಲೇ ಆಡು.

ನೀನು ಬರುವ ದಾರಿಯಲ್ಲಿ ಗಾಳಿ ತಣ್ಣಗಿರಲಿ, ನಿನ್ನ ಕೈಗೆ ಎಂದೂ ದಣಿವಾಗದಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತೆ,
ಬ್ಯಾಬೀನ್

ತಾ.ಕ.: ಏನು ಉಪಕಾರವೆಂದು ಬರೆಯಲಾಗದೆಯೇ ಆ ನಾಲ್ಕು ಕಾಗದ ಸುಟ್ಟೆ. ಕೋಲೀನನ ಅಪ್ಪ ಫೆಸ್ಟಿ ಮುಳುಗಿದ ದಿನ ಅವನ ತಮ್ಮ ಇದೇ ಬಾಗಿಲಿಗೆ ಬಂದು, "ಅವಳು ಹೋದ್ಲು, ಅತ್ತಿಗೆ," ಎಂದ. ದೋಣಿ ಹೋಯಿತೆಂದೇ ನಾನು ತಿಳಿದೆ. "ಹೋದ್ರೆ ಹೋಗ್ಲಿ ಬಿಡು, ಜೀವ ಉಳೀತಲ್ಲ," ಎಂದು ಟೀಗಿಟ್ಟೆ. ಬಂದ ಗಂಡಸರೆಲ್ಲ ತಲೆ ತಗ್ಗಿಸಿ ಟೀ ಕುಡಿದರು, ಒಬ್ಬನೂ ಬಾಯಿ ಬಿಡಲಿಲ್ಲ. ಕತ್ತಲಾದರೂ ಫೆಸ್ಟಿ ಬರದಿದ್ದಾಗ ನನಗೇ ತಿಳಿಯಿತು. ಹೆಣ ಸಿಗಲಿಲ್ಲ. ಮೂವತ್ತೊಂದು ವರ್ಷ ಎಲ್ಲರೂ ನನ್ನೆದುರು ದೋಣಿಯ ಸುದ್ದಿಯನ್ನೇ ಆಡಿದರು. ಅವನು ಹೋದ ಎಂದು ಯಾರೂ ಅನ್ನಲಿಲ್ಲ, ನಾನೂ ಅಳಲಿಲ್ಲ. ನೀನು ಅಂದೆ, ನಾನು ಅತ್ತುಬಿಟ್ಟೆ. ಮಾರನೆಯ ದಿನ ಪಾದ್ರಿಗಳ ಹತ್ತಿರ ಹೋಗಿ, ಫೆಸ್ಟಿಯ ಆತ್ಮಶಾಂತಿಗೆ ಮೊದಲ ಸಲ ಪೂಜೆ ಹೇಳಿಸಿದೆ.