ಯಮನವ್ವನ ಹೆಬ್ಬೆರಳು

ಪಂಚವಟಿ, ನಾಸಿಕ್
ಜೂನ್ 2014

ರಾಚಪ್ಪ ಮೇಸ್ತ್ರಿಯವರಿಗೆ ನಮಸ್ಕಾರ.

ಮೊನ್ನೆ ದೌಲತಾಬಾದಿನ ಬ್ಯಾಂಕಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವನು ನಾನು. ಅಲ್ಲಿನ ಹೆಬ್ಬೆಟ್ಟಿನ ಯಂತ್ರ ಹಳೆಯದು. ಒಬ್ಬರ ಕೆಲಸ ಮುಗಿದರೂ ಅದು ಸರ್ವರ್ ಜೊತೆಗಿನ ಸಂಪರ್ಕ ಬಿಡದೆ, ಮುಂದಿನವರಿಗೂ ಅದನ್ನೇ ಬಳಸುತ್ತದೆ. ನಮ್ಮ ಹೊಸ ಸರ್ವರ್ ಅದಕ್ಕೆ ಹೊಂದಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಲು, ಸಂಪರ್ಕ ಬೇಗನೆ ಕಡಿಯುವಂತೆ ಮಾಡಿದ್ದೆ. ಹಾಗೆ ಕಡಿದಾಗ ಯಂತ್ರ ಸರಿಯಾದ ಬೆರಳನ್ನೂ ಒಪ್ಪದು. ಇದು ಬ್ಯಾಂಕ್ ಮುಚ್ಚಿದ ಮೇಲೆ ಮಾಡಬೇಕಾದ ಕೆಲಸ. ನಾಸಿಕ್ ಬಸ್ಸು ತಪ್ಪೀತೆಂದು ಜನರಿರುವಾಗಲೇ ಮಾಡಿದೆ.

ನಿಮ್ಮ ಕೈಕೆಳಗೆ ಗಾರೆ ಕೆಲಸ ಮಾಡುವ ಯಮನವ್ವ ಎಷ್ಟು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. "ಸಿಮೆಂಟಿನ್ಯಾಗ ದುಡದು ನನ್ನ ಹೆಬ್ಬಟ್ಟ ಕೆಟ್ಟೈತ್ರಿ, ತಿಕ್ಕೊಂಡ ಬರ್ತೀನ್ರಿ" ಎಂದರು. ಕ್ಲರ್ಕಿಗೆ ಕನ್ನಡ ಬಾರದು. ನಾನು ಬಾಗಲಕೋಟೆ ಕಡೆಯವನು, ಆದರೂ ತಲೆ ಎತ್ತಲಿಲ್ಲ. ಹೊರಗೆ ಬಂದಾಗ ಅವರು ನಲ್ಲಿಯ ಬಳಿ ಕೂತು ಬೆರಳನ್ನು ಕಲ್ಲಿಗೆ ಉಜ್ಜುತ್ತಿದ್ದರು. ಕಲ್ಲು ಕೆಂಪಾಗಿತ್ತು. ನಾನು ಬಸ್ ಹತ್ತಿದೆ.

ಈಗ ಸರ್ವರ್ ಸರಿ ಮಾಡಿದ್ದೇನೆ. ಅವರ ಹೆಸರು, ನಿಮ್ಮ ವಿಳಾಸ ಬ್ಯಾಂಕಿನವರಿಂದ ಸಿಕ್ಕಿತು. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ಅವರ ಹೆಬ್ಬೆರಳಿನಲ್ಲಿ ಯಾವ ದೋಷವೂ ಇರಲಿಲ್ಲ. ಗಾಯ ಮಾಯುವವರೆಗೆ ಎಡಗೈಯದನ್ನು ಒತ್ತಿದರೂ ನಡೆಯುತ್ತದೆ.

ಇಂತಿ,
ಅಂದು ಸುಮ್ಮನೆ ಕೂತಿದ್ದ
ಜಯಂತ್ ಕಟ್ಟಿ